ಎರಡೇ ವರ್ಷದಲ್ಲಿ ಹಕ್ಕಿಗಳು ಮೂರು ಪಟ್ಟಾದವೇ?

ಪ್ರಶ್ನೆ: ಅಮೆರಿಕದ ಡೆಲಾವೇರ್ ಕೊಲ್ಲಿಯಲ್ಲಿ 2021ರ ಎಣಿಕೆಗೆ 7,000ಕ್ಕೂ ಕಡಿಮೆ ರೆಡ್ ನಾಟ್ ಎಂಬ ವಲಸೆ ಹಕ್ಕಿಗಳು ಸಿಕ್ಕಿದ್ದವು. 2023ರಲ್ಲಿ ಸುಮಾರು 22,000 ಕಂಡವು. ಅಂದರೆ ಈ ಹಕ್ಕಿ ಚೇತರಿಸಿಕೊಂಡಿದೆ ಎಂದಲ್ಲವೇ?

ಉತ್ತರ: ಹಾಗೆ ಹೇಳಲು ಬರುವುದಿಲ್ಲ. ಈ ಹಕ್ಕಿಯ ಒಂದು ಜೋಡಿ ಕೆನಡಾದ ಆರ್ಕ್ಟಿಕ್ ಬಯಲಿನಲ್ಲಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಬದುಕುಳಿದ ಮರಿಗಳೂ ಮರುವರ್ಷವೇ ಗೂಡು ಕಟ್ಟುವುದಿಲ್ಲ. ಎರಡು ವರ್ಷದಲ್ಲಿ ಮೂರು ಪಟ್ಟಾಗುವುದು ಇವುಗಳಿಂದ ಸಾಧ್ಯವೇ ಇಲ್ಲ. ಏರಿದ್ದು ಎಣಿಸಿದ ದಿನ ಕೊಲ್ಲಿಯಲ್ಲಿ ಇಳಿದಿದ್ದ ಹಕ್ಕಿಗಳ ಸಂಖ್ಯೆ. 2021ರ ಕುಸಿತವನ್ನೂ ಹೀಗೆಯೇ ಎಚ್ಚರದಿಂದ ಓದಬೇಕು. ಅಂದು ಕಾಣದವೆಲ್ಲ ಸತ್ತಿದ್ದವು ಎಂದಲ್ಲ.

ಡೆಲಾವೇರ್ ಒಂದು ತಂಗುದಾಣ. ಮೇ ತಿಂಗಳಲ್ಲಿ ಹಕ್ಕಿಗಳು ಬರುತ್ತಲೇ ಇರುತ್ತವೆ, ಹೊಟ್ಟೆ ತುಂಬಿದವು ಹೊರಡುತ್ತಲೇ ಇರುತ್ತವೆ. ದೂರದ ದಕ್ಷಿಣ ಅಮೆರಿಕದಿಂದ ಬಂದವೂ ಹತ್ತಿರದ ಫ್ಲೋರಿಡಾದಲ್ಲಿ ಚಳಿಗಾಲ ಕಳೆದವೂ ಅಲ್ಲಿ ಬೆರೆಯುತ್ತವೆ. ನಾನಾದರೆ ದಕ್ಷಿಣ ಅಮೆರಿಕದ ತುತ್ತತುದಿಯ ಟಿಯೆರಾ ದೆಲ್ ಫ್ಯೂಗೊ ದ್ವೀಪದ ಲೆಕ್ಕವನ್ನು ಹೆಚ್ಚು ನಂಬುತ್ತೇನೆ. ಜನವರಿ, ಫೆಬ್ರವರಿಯಲ್ಲಿ ಹಕ್ಕಿಗಳು ಅಲ್ಲಿ ನೆಲೆನಿಂತಿರುತ್ತವೆ, ವಿಮಾನದಿಂದ ಎಣಿಸಬಹುದು. 1980ರ ದಶಕದಲ್ಲಿ ಅಲ್ಲಿ 50,000ಕ್ಕೂ ಹೆಚ್ಚಿದ್ದವು. 2011ರ ವೇಳೆಗೆ ಉಳಿದದ್ದು 10,000ದ ಆಸುಪಾಸು. ನಿಜವಾದ ಕಥೆ ಈ ಇಳಿಜಾರಿನಲ್ಲಿದೆ. ಇಲ್ಲಿ ಹೇಳುತ್ತಿರುವ, ರೂಫಾ ಎಂಬ ಉಪಜಾತಿಯನ್ನು ಅಮೆರಿಕ 2014ರಲ್ಲಿ ಅಪಾಯದಲ್ಲಿರುವ ಪಟ್ಟಿಗೆ ಸೇರಿಸಿತು.

ಈ ಇಳಿಕೆಗೆ ಕಾರಣ ಡೆಲಾವೇರ್ ಕೊಲ್ಲಿಯ ಮರಳಿನಲ್ಲೇ ಇದೆ. ಆರ್ಕ್ಟಿಕ್‌ಗೆ ಹಾರಲು ಬೇಕಾದ ಕೊಬ್ಬನ್ನು ಈ ಹಕ್ಕಿಗಳು ಕುದುರೆಲಾಳದ ಏಡಿಯ (ಹಾರ್ಸ್‌ಶೂ ಕ್ರ್ಯಾಬ್) ಮೊಟ್ಟೆ ತಿಂದು ಕೂಡಿಸಿಕೊಳ್ಳುತ್ತವೆ. ಎರಡು ವಾರಗಳಲ್ಲಿ ಮೈತೂಕ ಹೆಚ್ಚುಕಡಿಮೆ ಇಮ್ಮಡಿಯಾಗಬೇಕು. ಏಡಿ ಮೊಟ್ಟೆ ಹೂಳುವ ಆಳಕ್ಕೆ ಇವುಗಳ ಕೊಕ್ಕು ಎಟುಕುವುದಿಲ್ಲ. ಏಡಿಗಳು ಕಿಕ್ಕಿರಿದು ಬಂದಾಗ ಒಂದರ ಗುಂಡಿಯನ್ನು ಇನ್ನೊಂದು ಕೆದಕಿ, ಮೊಟ್ಟೆಗಳು ಮೇಲೆ ಚೆಲ್ಲುತ್ತವೆ. ಹಕ್ಕಿಗೆ ದಕ್ಕುವುದು ಈ ಚೆಲ್ಲಿದ ಪಾಲು. ಆದ್ದರಿಂದ ಏಡಿಗಳು ಅರ್ಧಕ್ಕಿಳಿದರೆ ಹಕ್ಕಿಯ ಊಟ ಅರ್ಧಕ್ಕಿಂತಲೂ ಬಹಳ ಕೆಳಗಿಳಿಯುತ್ತದೆ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಅಟ್ಲಾಂಟಿಕ್ ತೀರದಲ್ಲಿ, ಬೇರೆ ಜೀವಿಗಳನ್ನು ಹಿಡಿಯಲು ಎರೆಯಾಗಿ ಬಳಸಲೆಂದು ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಏಡಿಗಳನ್ನು ಬಾಚಲಾಯಿತು. ವಯಸ್ಕ ಹಕ್ಕಿಗಳು ವರ್ಷ ಬದುಕುಳಿಯುವ ಪ್ರಮಾಣ ಅದೇ ಕಾಲದಲ್ಲಿ ಸುಮಾರು 85%ರಿಂದ 56%ಕ್ಕೆ ಬಿದ್ದಿತು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಈ ಕೊನೆಯ ಅಂಕಿ. ದೀರ್ಘಾಯುಷ್ಯವೇ ಈ ಹಕ್ಕಿಯ ಬಲ. 1995ರಲ್ಲಿ ಅರ್ಜೆಂಟೀನಾದಲ್ಲಿ ಉಂಗುರ ತೊಡಿಸಿದ, ಬಿ95 ಎಂಬ ಗುರುತಿನ ಹಕ್ಕಿ 2014ರಲ್ಲೂ ಕಾಣಿಸಿಕೊಂಡಿತ್ತು. ಹೀಗೆ ಬಾಳಬೇಕಾದ ಹಕ್ಕಿ ಬೇಗ ಸತ್ತರೆ, ಆ ನಷ್ಟ ಸುಲಭವಾಗಿ ತುಂಬುವುದಿಲ್ಲ.

ಕೊಲ್ಲಿಯ ದಡದಲ್ಲಿರುವ ನ್ಯೂಜೆರ್ಸಿ ರಾಜ್ಯ 2008ರಲ್ಲಿ ಏಡಿ ಹಿಡಿಯುವುದನ್ನು ನಿಲ್ಲಿಸಿತು. ಆದರೆ ಹೆಣ್ಣು ಏಡಿ ಮೊಟ್ಟೆಯಿಡುವ ವಯಸ್ಸಿಗೆ ಬರಲು ಒಂಬತ್ತು ಹತ್ತು ವರ್ಷ ಬೇಕು. ಏಡಿ ಹೆಚ್ಚಿದ ಮೇಲೆ ಹಕ್ಕಿ ಹೆಚ್ಚಲು ಇನ್ನಷ್ಟು ವರ್ಷ. ಚೇತರಿಕೆ ಬಂದರೆ ಅದು ಮೊದಲು ಕಾಣುವುದು ವಯಸ್ಕ ಹಕ್ಕಿಗಳ ಉಳಿವಿನ ಪ್ರಮಾಣದಲ್ಲಿ, ಬಳಿಕ ಟಿಯೆರಾ ದೆಲ್ ಫ್ಯೂಗೊದ ಸತತ ಹಲವು ಚಳಿಗಾಲಗಳ ಎಣಿಕೆಯಲ್ಲಿ.