ಎರಡು ತಿಂಗಳು ಬೋಟು ನಿಲ್ಲಿಸಿದರೆ ಕಡಲಲ್ಲಿ ಮೀನು ಜಾಸ್ತಿ ಆಗುತ್ತದಾ?

ಓದುಗರ ಪ್ರಶ್ನೆ: ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಅಂತ ಸುದ್ದಿ ಬರುತ್ತದೆ. 61 ದಿನ ಬೋಟು ನಿಲ್ಲಿಸಿದರೆ ನಿಜಕ್ಕೂ ಮೀನು ಹೆಚ್ಚುತ್ತದಾ? ಅಷ್ಟು ದೊಡ್ಡ ಕಡಲಲ್ಲಿ ಎಷ್ಟು ಮೀನಿದೆ ಅಂತ ಸರ್ಕಾರಕ್ಕೆ ಗೊತ್ತಾಗುವುದಾದರೂ ಹೇಗೆ?

ಸ್ವಲ್ಪ ಮಟ್ಟಿಗೆ ಹೆಚ್ಚುತ್ತದೆ. ಆದರೆ ಆ ಲಾಭ ಉಳಿಯುವುದೋ ಹೋಗುವುದೋ ತೀರ್ಮಾನವಾಗುವುದು ಆಗಸ್ಟ್‌ನಲ್ಲಿ, ಬೋಟುಗಳು ಮತ್ತೆ ಕಡಲಿಗಿಳಿದ ಮೇಲೆ.

ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ತಳದ ತಣ್ಣನೆಯ ನೀರು ಮೇಲಕ್ಕೇರುತ್ತದೆ. ಅದರ ಜೊತೆ ತಳದಲ್ಲಿದ್ದ ಪೋಷಕಾಂಶಗಳೂ ಮೇಲೆ ಬರುತ್ತವೆ. ಕಣ್ಣಿಗೆ ಕಾಣದ ಸಣ್ಣ ಸಸ್ಯಗಳು ಆಗ ಹುಲುಸಾಗಿ ಬೆಳೆಯುತ್ತವೆ. ಭೂತಾಯಿ, ಕಾರವಾರದ ಕಡೆಯವರ ತಾರ್ಲೆ, ಇದನ್ನೇ ತಿಂದು ಬದುಕುವ ಮೀನು. ಅದು ಮೊಟ್ಟೆ ಇಡುವುದೂ ಮಳೆ ಶುರುವಾದ ಮೇಲೆಯೇ. ಬಂಗುಡೆಯ ಮರಿಗಳಿಗೂ ಇದು ಹೊಟ್ಟೆ ತುಂಬುವ ಕಾಲ. ಆ ಹೊತ್ತಿಗೆ ಬೋಟು ದಡದಲ್ಲಿದ್ದರೆ ತಾಯಿ ಮೀನು ಉಳಿಯುತ್ತದೆ. ತಳಕ್ಕೆ ತಾಗುವಂತೆ ಬೋಟಿನಿಂದ ಎಳೆಯುವ ಟ್ರಾಲ್ ಬಲೆಯ ಉಜ್ಜಾಟದಿಂದ ಕಡಲಿನ ತಳಕ್ಕೂ ಬಿಡುವು ಸಿಗುತ್ತದೆ. ಕಡಲು ಕೆರಳಿರುವ ಆ ದಿನಗಳಲ್ಲಿ ಜನರ ಜೀವವೂ ಉಳಿಯುತ್ತದೆ. ಎಲ್ಲ ಮೀನುಗಳೂ ಇದೇ ಎರಡು ತಿಂಗಳಲ್ಲಿ ಮೊಟ್ಟೆ ಇಡುವುದಿಲ್ಲ. ಆದರೆ ಒಂದೊಂದು ಜಾತಿಗೆ ಒಂದೊಂದು ರಜೆ ಕೊಡುತ್ತಾ ಹೋದರೆ ಬೋಟು ವರ್ಷವಿಡೀ ಬಂದರಿನಲ್ಲೇ ನಿಲ್ಲಬೇಕಾದೀತು.

ಪೂರ್ವ ಕರಾವಳಿಯಲ್ಲಿ ಇದೇ ರಜೆ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಮೊದಲು ಎರಡೂ ಕಡೆ 47 ದಿನ ಇತ್ತು. 2015ರಲ್ಲಿ ಕೇಂದ್ರ ಅದನ್ನು 61ಕ್ಕೆ ಏರಿಸಿತು. ಕೇರಳ ಮಾತ್ರ ತನ್ನ ಹತ್ತಿರದ ನೀರಿನಲ್ಲಿ ಟ್ರಾಲ್ ಬೋಟುಗಳಿಗೆ 52 ದಿನದ ನಿಷೇಧ ಇಟ್ಟುಕೊಂಡಿದೆ. ಒಂದೇ ಕಡಲು, ಎರಡು ಲೆಕ್ಕ ಹೇಗೆ? ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗಿನ ಮೀನುಗಾರಿಕೆ ರಾಜ್ಯದ ಕೈಯಲ್ಲಿದೆ. ಕರ್ನಾಟಕಕ್ಕೆ ಇದಕ್ಕಾಗಿ 1986ರ ಕಾಯ್ದೆ ಇದೆ. ಅಲ್ಲಿಂದಾಚೆ 200 ನಾಟಿಕಲ್ ಮೈಲಿವರೆಗೆ ಕೇಂದ್ರದ್ದು. ಮೀನಿಗೆ ಈ ಗೆರೆ ಎಲ್ಲಿ ಗೊತ್ತು? ಮಂಗಳೂರಿನ ಮುಂದೆ ಮರಿಯಾಗಿದ್ದದ್ದು ಬೆಳೆದು ಕಾಸರಗೋಡಿನ ಬಲೆಗೆ ಬೀಳಬಹುದು. ಹಾಗಾಗಿ ಪಕ್ಕಪಕ್ಕದ ರಾಜ್ಯಗಳು ಒಂದೇ ನಿಯಮಕ್ಕೆ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಮೀನಿನ ಎಣಿಕೆ. ಈ ಕೆಲಸ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯದ್ದು. ಸಿಎಂಎಫ್‌ಆರ್‌ಐ ಅಂದರೆ ಬಂದರಿನಲ್ಲಿ ಎಲ್ಲರಿಗೂ ಗೊತ್ತು. 1947ರಲ್ಲಿ ಶುರುವಾದ ಸಂಸ್ಥೆ. ಕೇಂದ್ರ ಕಚೇರಿ ಕೊಚ್ಚಿಯಲ್ಲಿದೆ, ಮಂಗಳೂರು ಮತ್ತು ಕಾರವಾರದಲ್ಲೂ ಅದರ ಕೇಂದ್ರಗಳಿವೆ. ಕಡಲೊಳಗಿನ ಮೀನನ್ನು ಎಣಿಸಲು ಆಗುವುದಿಲ್ಲ, ದಡಕ್ಕೆ ಬಂದದ್ದನ್ನು ಎಣಿಸಬಹುದು ಅಲ್ವಾ? ಅದಕ್ಕೇ ಇವರ ಸಿಬ್ಬಂದಿ ದೇಶದ ಉದ್ದಕ್ಕೂ ಮೀನು ಇಳಿಸುವ ಜಾಗಗಳಿಗೆ ಹೋಗುತ್ತಾರೆ. ಯಾವ ಜಾಗ, ಯಾವ ದಿನ, ಯಾವ ಬೋಟು ಎಂಬುದನ್ನೆಲ್ಲ ಮಾದರಿ ಲೆಕ್ಕದಲ್ಲಿ ಆರಿಸುತ್ತಾರೆ. ಎಷ್ಟು ಹೊತ್ತು ಬಲೆ ಎಳೆದಿರಿ, ಯಾವ ಮೀನು ಎಷ್ಟು ಸಿಕ್ಕಿತು ಅಂತ ಕೇಳಿ ಬರೆದುಕೊಳ್ಳುತ್ತಾರೆ. ಮೀನಿನ ಉದ್ದ ಅಳೆಯುತ್ತಾರೆ, ಹೊಟ್ಟೆ ಸೀಳಿ ಮೊಟ್ಟೆ ಬಲಿತಿದೆಯಾ ಅಂತ ನೋಡುತ್ತಾರೆ.

ಉದ್ದದಲ್ಲೇ ದೊಡ್ಡ ಕಥೆ ಇದೆ. ವರ್ಷದಿಂದ ವರ್ಷಕ್ಕೆ ಬಲೆಗೆ ಬೀಳುವ ಮೀನು ಗಿಡ್ಡ ಆಗುತ್ತಾ ಬಂದರೆ, ದೊಡ್ಡವು ಮುಗಿಯುತ್ತಿವೆ ಎಂದು ಅನುಮಾನ ಪಡಬೇಕು. ಅಷ್ಟೇ ಮೀನಿಗೆ ಹೆಚ್ಚು ಹೊತ್ತು ಬಲೆ ಎಳೆಯಬೇಕಾಗಿ ಬಂದರೆ, ಅದೂ ಎಚ್ಚರಿಕೆಯೇ. ಇಂಥ ಲೆಕ್ಕಗಳಿಂದ ಸಂಸ್ಥೆ 2022ರಲ್ಲಿ 135 ಮೀನು ಸಂಗ್ರಹಗಳನ್ನು, ಅಂದರೆ ಒಂದೊಂದು ಪ್ರದೇಶದ ಕಡಲಲ್ಲಿರುವ ಒಂದೊಂದು ಜಾತಿಯ ಮೀನಿನ ಗುಂಪುಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಶೇ 91ರಷ್ಟು ಆರೋಗ್ಯವಾಗಿವೆ ಎಂದು ಹೇಳಿತು. ಸಮಾಧಾನದ ಸುದ್ದಿ ಹೌದು. ಆದರೆ ಕೇರಳದ ಭೂತಾಯಿಯ ಲೆಕ್ಕ ನೆನೆದರೆ ಮೈಮರೆಯಲು ಮನಸ್ಸಾಗದು. 2012ರಲ್ಲಿ ಅಲ್ಲಿ ಸುಮಾರು 4 ಲಕ್ಷ ಟನ್ ಇಳಿದಿತ್ತು. 2021ರಲ್ಲಿ 3,500 ಟನ್ ಕೂಡ ಆಗಲಿಲ್ಲ. ಇದಕ್ಕೆ ಬಲೆ ಒಂದೇ ಕಾರಣವಲ್ಲ. ಪೆಸಿಫಿಕ್ ಸಾಗರ ಕೆಲವು ವರ್ಷಕ್ಕೊಮ್ಮೆ ಬಿಸಿಯಾಗುವ ಎಲ್ ನಿನೋ ತಂದ ಬಿಸಿ ನೀರು, ಆಹಾರದ ಕೊರತೆ ಎಲ್ಲ ಸೇರಿಕೊಂಡಿತ್ತು. ಬಿಸಿ ನೀರಿಗೆ ಯಾವ ಆದೇಶವೂ ಅಡ್ಡ ನಿಲ್ಲಲಾರದು. ಬಲೆಗೆ ನಿಲ್ಲಬಹುದು.

ಅದಕ್ಕೇ ಆಗಸ್ಟ್ ಮುಖ್ಯ. ಮಳೆಯಲ್ಲಿ ಹುಟ್ಟಿದ ಮರಿಗಳು ಆಗ ಇನ್ನೂ ಬೆರಳುದ್ದ ಇರುತ್ತವೆ. ಬಲೆಯ ಕಣ್ಣು ಸಣ್ಣದಿದ್ದರೆ ಎರಡು ತಿಂಗಳು ಕಾದದ್ದೆಲ್ಲ ಕೆಲವೇ ದಿನಗಳಲ್ಲಿ ಮೀನಿಳಿಸುವ ದಕ್ಕೆಗೆ ಬಂದು ಬೀಳುತ್ತದೆ. ತಿನ್ನಲು ಬಾರದ ಆ ಮರಿಗಳು ಫಿಶ್‌ಮಿಲ್‌ಗೆ ಹೋಗಿ ಹುಡಿಯಾಗುತ್ತವೆ. ನನಗೆ ತುಂಬಾ ಸಂಕಟವಾಗುವುದು ಇಲ್ಲೇ. ನಾಲ್ಕು ತಿಂಗಳು ಬಿಟ್ಟಿದ್ದರೆ ಅದೇ ಮರಿ ಒಂದು ಮನೆಯ ಸಾರಿಗೆ ಆಗುತ್ತಿತ್ತು. ಟ್ರಾಲ್ ಬಲೆಯ ತುದಿಯ ಚೀಲದಲ್ಲಿ ಕಣ್ಣು ಕನಿಷ್ಠ 35 ಮಿಲಿಮೀಟರ್ ಇರಬೇಕು, ಅದೂ ಚೌಕದ ಕಣ್ಣಾಗಿರಬೇಕು ಎಂದು ತಜ್ಞರು ಒತ್ತಾಯಿಸುವುದು ಇದಕ್ಕೇ. ಮಾಮೂಲಿ ಬಲೆಯ ಕಣ್ಣು ಎಳೆದಾಗ ಮುಚ್ಚಿಕೊಳ್ಳುತ್ತದೆ. ಚೌಕದ್ದು ತೆರೆದೇ ಇರುತ್ತದೆ, ಮರಿ ನುಸುಳಿ ಪಾರಾಗುತ್ತದೆ. ಕೇರಳ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಭೂತಾಯಿ 10 ಸೆಂಟಿಮೀಟರ್, ಬಂಗುಡೆ 14 ಸೆಂಟಿಮೀಟರ್‌ಗಿಂತ ಸಣ್ಣದಿದ್ದರೆ ಹಿಡಿಯಬಾರದು ಎಂದು ಕಾನೂನು ತಂದಿತು. 2017ರ ಹೊತ್ತಿಗೆ ಈ ಅಳತೆ 58 ಜಾತಿಗಳಿಗೆ ಬಂತು.

ಅಮೆರಿಕದಂತೆ ಪ್ರತಿ ಜಾತಿಗೂ ವರ್ಷಕ್ಕೆ ಇಂತಿಷ್ಟೇ ಟನ್ ಅಂತ ಮಿತಿ ಹಾಕಬಾರದೇ ಎಂದು ಕೆಲವರು ಕೇಳುತ್ತಾರೆ. ನಮ್ಮ ಒಂದು ಟ್ರಾಲ್ ಎಳೆತಕ್ಕೆ ಮದ್ಮಲ್, ಬೊಂಡಾಸ್, ಸೀಗಡಿ ಎಲ್ಲ ಒಟ್ಟಿಗೆ ಬರುತ್ತವೆ. ಒಂದರ ಮಿತಿ ಮುಗಿಯಿತು ಅಂತ ಉಳಿದವನ್ನು ಹೇಗೆ ಬಿಡುವುದು? ಹಾಗಾಗಿ ನಮ್ಮಲ್ಲಿ ಮೀನಿನ ಬದಲು ದಿನ, ಬಲೆ, ವಿಧಾನಗಳನ್ನೇ ಹಿಡಿತದಲ್ಲಿಡುತ್ತಾರೆ. 2017ರ ನವೆಂಬರ್‌ನಲ್ಲಿ ಕೇಂದ್ರ ತನ್ನ ಪಾಲಿನ ಕಡಲಲ್ಲಿ ಎಲ್‌ಇಡಿ ಬೆಳಕು ಹಾಕಿ ಮೀನು ಹಿಡಿಯುವುದನ್ನೂ, ಎರಡು ಬೋಟು ಸೇರಿ ಒಂದು ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ನಿಷೇಧಿಸಿತು. ಬೆಳಕಿಗೆ ದೊಡ್ಡದೂ ಮರಿಯೂ ಒಟ್ಟಿಗೇ ಮುತ್ತುತ್ತವೆ. ದಡದ ಹತ್ತಿರ ಕಾಯುವ ನಾಡದೋಣಿಯವರ ಪಾಲಿಗೆ ಏನೂ ಉಳಿಯುವುದಿಲ್ಲ. ಆದೇಶ ಬಂದ ಮೇಲೂ ಈ ಜಗಳ ಕರಾವಳಿಯಲ್ಲಿ ನಿಂತಿಲ್ಲ.

ರಜೆಯ ದಿನಗಳಲ್ಲಿ ಮೀನುಗಾರರ ಮನೆ ನಡೆಯುವುದು ಹೇಗೆ? ಕೇಂದ್ರದ ಉಳಿತಾಯ ಮತ್ತು ಪರಿಹಾರ ಯೋಜನೆಯ ಲೆಕ್ಕದಲ್ಲಿ ಮೀನುಗಾರ 1,500 ರೂಪಾಯಿ ಕಟ್ಟುತ್ತಾನೆ, ಸರ್ಕಾರ 3,000 ಸೇರಿಸುತ್ತದೆ. ಒಟ್ಟು 4,500 ರೂಪಾಯಿಯನ್ನು ಮೂರು ತಿಂಗಳಿಗೆ ಹಂಚುತ್ತಾರೆ. ತಿಂಗಳಿಗೆ 1,500ರಲ್ಲಿ ಯಾವ ಮನೆ ನಡೆಯುತ್ತದೆ ಹೇಳಿ? ಕಡಲನ್ನು ಉಳಿಸಲು ಕೆಲಸ ಬಿಟ್ಟು ಕೂತವರಿಗೆ ಇದು ತೀರಾ ಕಡಿಮೆ.

ಕೊನೆಗೆ, ಈ ಪ್ರಶ್ನೆಯ ಜೊತೆಗೇ ಬರುವ ಇನ್ನೊಂದು ಪ್ರಶ್ನೆ: ನಿಷೇಧ ಇದ್ದರೂ ಜೂನ್‌ನಲ್ಲಿ ಮಾರ್ಕೆಟ್ಟಿನಲ್ಲಿ ಮೀನು ಸಿಗುತ್ತದಲ್ಲ, ಅದು ಕದ್ದು ಹಿಡಿದದ್ದಾ? ಹಾಗೇನಿಲ್ಲ, ಧೈರ್ಯವಾಗಿ ತೆಗೆದುಕೊಳ್ಳಿ. ಕರ್ನಾಟಕದಲ್ಲಿ ನಿಷೇಧ ಇರುವುದು ಯಾಂತ್ರಿಕ ಬೋಟುಗಳಿಗೆ. ಸಣ್ಣ ಎಂಜಿನ್‌ನ ನಾಡದೋಣಿಗಳು ಕಡಲು ಸ್ವಲ್ಪ ತಣಿದ ದಿನ ಹೊರಡಬಹುದು. ಜೂನ್ 15ರಿಂದ ಪೂರ್ವ ಕರಾವಳಿಯ ಬೋಟುಗಳು ಕಡಲಿಗಿಳಿಯುತ್ತವೆ. ಅಲ್ಲಿಯ ಮೀನು ಐಸ್ ಹಾಕಿದ ಲಾರಿಗಳಲ್ಲಿ ಈ ಕಡೆ ಬರುತ್ತದೆ.