ಕುಡುಗೋಲಿಗೆ ಹದ ಹಾಕುವುದು: ಕುಲುಮೆ ಕಲಿಯುವವರಿಗೆ ಟಿಪ್ಪಣಿ

ದಾವಣಗೆರೆ, ಚಿತ್ರದುರ್ಗದ ಕಡೆ ಕುಲುಮೆಯ ಕೆಲಸ ದಾಖಲಿಸಲು ಹೋದವರು ಸಾಮಾನ್ಯವಾಗಿ ಹತಾರದ ಫೋಟೊ ತೆಗೆದು, ಹೆಸರು ಬರೆದುಕೊಂಡು ಬರುತ್ತಾರೆ. ಭತ್ತ ಕೊಯ್ಯುವ ಕಕ್ಕು (ಹಲ್ಲಿನಂಚಿನ) ಕುಡುಗೋಲು, ಚನ್ನಗಿರಿ ಕಡೆ ಅಡಿಕೆ ಸುಲಿಯುವ ಮೆಟ್ಟುಗತ್ತಿ, ಮಚ್ಚು, ಈಳಿಗೆ. ಇಷ್ಟರಲ್ಲಿ ಆಕಾರ ಉಳಿಯುತ್ತದೆ, ಹದ, ಅಂದರೆ ಕಾಸಿ ಅದ್ದಿ ಅಲಗಿಗೆ ತರುವ ಗಟ್ಟಿತನ, ಉಳಿಯುವುದಿಲ್ಲ. ಆಕಾರವನ್ನು ಯಾವ ಕಾರ್ಖಾನೆಯಾದರೂ ಅಚ್ಚೊತ್ತಿ ಕೊಡುತ್ತದೆ. ಕಮ್ಮಾರರ ಕೈಯೊಂದಿಗೇ ಹೋಗಿಬಿಡುವುದು ಹದ. ಅದಕ್ಕೇ ಇಲ್ಲಿ ಅದರದ್ದೇ ಪಾಲು ಹೆಚ್ಚು.

ಕಬ್ಬಿಣ

ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕನನ್ 1800-01ರಲ್ಲಿ ಮೈಸೂರು ಸೀಮೆ ಸುತ್ತಿದಾಗ ಅದಿರು ಕರಗಿಸುವ ಒಲೆಗಳನ್ನೂ ಮೂಸೆಯಲ್ಲಿ (ಲೋಹ ಕರಗಿಸುವ ಮಣ್ಣಿನ ಪಾತ್ರೆ) ಉಕ್ಕು ಮಾಡುವ ಕ್ರಮವನ್ನೂ ಬರೆದಿಟ್ಟ. ಆ ಒಲೆಗಳು ಈಗಿಲ್ಲ. ಚಿತ್ರದುರ್ಗದ ಹತ್ತಿರದ ಭೀಮಸಮುದ್ರದ ಸುತ್ತಿನ ಅದಿರು ಲಾರಿ ಹತ್ತಿ ಹೋಗುತ್ತದೆ, ಕುಲುಮೆಗೆ ಬರುವುದು ಅದೇ ಲಾರಿಯ ಹಳೇ ಕಮಾನುಪಟ್ಟಿ (ಸ್ಪ್ರಿಂಗ್ ಪಟ್ಟಿ). ಅದರಲ್ಲಿ ಇಂಗಾಲ ಸುಮಾರು 0.5ರಿಂದ 0.6 ಶೇಕಡಾ, ಹದ ಹಿಡಿಯುತ್ತದೆ. ಕಟ್ಟಡದ ಸಾದಾ ಕಂಬಿಯಲ್ಲಿ 0.25 ಶೇಕಡಾ ಮೀರುವುದು ಕಡಿಮೆ, ಎಷ್ಟು ಕಾಸಿ ಅದ್ದಿದರೂ ಅಂಚು ನಿಲ್ಲುವುದಿಲ್ಲ. ಗ್ರೈಂಡರಿಗೆ ಹಿಡಿದು ನೋಡಿ: ಕಂಬಿಯ ಕಿಡಿ ಉದ್ದವಾಗಿ ನೇರ ಹೋಗುತ್ತದೆ, ಕಮಾನುಪಟ್ಟಿಯದು ತುದಿಯಲ್ಲಿ ಕವಲೊಡೆದು ಸಿಡಿಯುತ್ತದೆ.

ಬಡಿಯುವುದು

ಕಿತ್ತಳೆ ಬಣ್ಣಕ್ಕೆ ಕಾಸಿ ಬಡಿಯಬೇಕು, ಮಬ್ಬು ಕೆಂಪಿಗೆ ಇಳಿದ ಮೇಲೆ ಸುತ್ತಿಗೆ ಹಾಕಬಾರದು. ಬೆಳ್ಳಗಾಗಿ ಕಿಡಿ ಹಾರಿದರೆ ಆ ಭಾಗ ಸುಟ್ಟಂತೆ, ಕತ್ತರಿಸಿ ತೆಗೆಯಿರಿ. ಆಕಾರ ಬಂದ ಮೇಲೆ ಕೆಂಪಗೆ ಕಾಸಿ ಗಾಳಿಯಲ್ಲಿ ತಾನಾಗಿ ಆರಲು ಬಿಡಿ, ಇದನ್ನು ಎರಡು ಮೂರು ಸಲ ಮಾಡಿ. ಇದನ್ನು ಬಿಟ್ಟರೆ ಹದ ಹಾಕುವಾಗ ಅಲಗು ಸೊಟ್ಟಗಾಗುತ್ತದೆ. ಕೊನೆಗೆ ಬೂದಿಯಲ್ಲಿ ಹೂತು ಮೆತ್ತಗಾಗಿಸಿ, ಉಳಿಯಿಂದ ಕಕ್ಕು ಹಾಕಬೇಕು. ಕಕ್ಕು ಒಂದೇ ಮಗ್ಗುಲಿಗೆ. ಮುಂದೆ ಸಾಣೆ ಹಿಡಿಯುವುದು ಇನ್ನೊಂದು ಮಗ್ಗುಲಿಗೆ ಮಾತ್ರ, ಆಗ ಸವೆದಷ್ಟೂ ಹಲ್ಲು ಹೊಸದಾಗಿ ಏಳುತ್ತದೆ.

ಹದ

ಎಲ್ಲರೂ ಎಡವುವುದು ಇಲ್ಲೇ, ಕಾರಣ ‘ಬಣ್ಣ’. ಗುರುಗಳು ಬಣ್ಣ ನೋಡು ಅಂದಾಗ ಅವರ ಮನಸ್ಸಿನಲ್ಲಿ ಎರಡು ಬೇರೆ ಬಣ್ಣಗಳಿರುತ್ತವೆ.

ಒಂದನೆಯದು ಕಾವಿನ ಬಣ್ಣ, ಲೋಹವೇ ಬೆಳಗುವುದು. ಅದ್ದುವ ಮುಂಚೆ ನೋಡಬೇಕಾದ್ದು ಇದು. ಬಿಸಿಲಲ್ಲಿ ಇದು ಮೋಸ ಮಾಡುತ್ತದೆ, ನೆರಳಲ್ಲೇ ನೋಡಿ. ಕಣ್ಣು ಪಳಗುವವರೆಗೆ ಅಯಸ್ಕಾಂತವೇ ಗತಿ: ಸುಮಾರು 770 ಡಿಗ್ರಿ ಸೆಲ್ಸಿಯಸ್‌ಗೆ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಆದರೆ ಅಂಟದಾದ ಕೂಡಲೇ ಅದ್ದಬೇಡಿ, ಇನ್ನೊಂದು ಛಾಯೆ ಏರಲಿ. ಕಮಾನುಪಟ್ಟಿಗೆ 840 ಡಿಗ್ರಿ ಆಸುಪಾಸು ಬೇಕು. ಕುಡುಗೋಲಿನ ಮೂತಿ ತೆಳು, ಬೇಗ ಕಾಯುತ್ತದೆ. ಅದನ್ನು ಇದ್ದಿಲಿನಿಂದ ಆಚೆ ಇಟ್ಟು ಮಧ್ಯಭಾಗ ಮೊದಲು ಕಾಸಿ.

ಅದ್ದುವುದು ಎಣ್ಣೆಗೆ. ಕಮಾನುಪಟ್ಟಿಯನ್ನು ತಣ್ಣೀರಿಗೆ ಇಳಿಸಿದರೆ ತಟಕ್ಕನೆ ಸೀಳು ಬಿಡುವ ಅಪಾಯ ಹೆಚ್ಚು. ಹೊಂಗೆ ಎಣ್ಣೆಯಾಗಲಿ ಕಡಲೆ ಎಣ್ಣೆಯಾಗಲಿ, 50-60 ಡಿಗ್ರಿಗೆ ಬೆಚ್ಚಗಿರಲಿ. ತಣ್ಣಗಿನ ಎಣ್ಣೆ ಮಂದ, ಅಲಗಿನ ಸುತ್ತ ಬೇಗ ಹರಿಯುವುದಿಲ್ಲ. ಅಂಚಿನ ಕಡೆಯ ಮೂರನೇ ಒಂದು ಪಾಲು ಮಾತ್ರ ಮುಳುಗಲಿ. ಅಲಗು ಬಾಗಿರುವುದರಿಂದ ಬುಡದಿಂದ ಮೂತಿಗೆ, ಮೂತಿಯಿಂದ ಬುಡಕ್ಕೆ ತೊಟ್ಟಿಲು ತೂಗಿದಂತೆ ಆಡಿಸಿ, ಒಂದೇ ಕಡೆ ನಿಲ್ಲಿಸಬೇಡಿ. ಬೆನ್ನಿನ ಕೆಂಪು ಅಡಗಿ ಕಪ್ಪಾದ ಕೂಡಲೇ, ಇನ್ನೂ ಬಿಸಿ ಇರುವಾಗಲೇ ಹೊರಗೆ ತೆಗೆಯಿರಿ. ಅಂಚಿನ ಮೇಲೆ ಅರ (ಫೈಲು) ಎಳೆದರೆ ಜಾರಬೇಕು. ಕಡಿದರೆ ಮೇಲಿನ ಪದರ ಉಜ್ಜಿ ಇನ್ನೊಮ್ಮೆ ನೋಡಿ, ಇಂಗಾಲ ಸುಟ್ಟ ತೆಳು ಪೊರೆ ಮಾತ್ರ ಮೆತ್ತಗಿರಬಹುದು.

ಎರಡನೆಯ ಬಣ್ಣ ಈಗ ಶುರು. ಇದು ಬೆಳಕಲ್ಲ, ಉಜ್ಜಿ ಹೊಳಪು ಮಾಡಿದ ಮೈಮೇಲೆ ಕೂರುವ ತೆಳು ಪೊರೆಯ ಬಣ್ಣ. ಕರಿ ಹಕ್ಕಳೆ ಇದ್ದರೆ ಕಾಣುವುದೇ ಇಲ್ಲ. ಹಾಗಾಗಿ ತೆಗೆದ ತಕ್ಷಣ ಇಟ್ಟಿಗೆ ಚೂರಿನಿಂದ ಅಂಚು ಉಜ್ಜಿ. ಬೆನ್ನಲ್ಲಿ ಉಳಿದ ಕಾವು ಅಂಚಿನ ಕಡೆ ಹರಿಯುತ್ತದೆ: ಮುಂದೆ ಹುಲ್ಲಿನ ಹಳದಿ (ಸುಮಾರು 220 ಡಿಗ್ರಿ), ಅದರ ಹಿಂದೆ ಕಂದು (250), ನೇರಳೆ (275), ಕೊನೆಗೆ ನೀಲಿ (300). ಅಂದರೆ ಹಳದಿ ಅಂಚು ಮುಟ್ಟುವಾಗ ಬೆನ್ನು ಆಗಲೇ ನೀಲಿ. ಅಂಚು ಗಟ್ಟಿ, ಬೆನ್ನು ಬಳುಕು, ಬೇಕಾದ್ದೂ ಅದೇ. ಕುಡುಗೋಲಿಗೆ ಹಳದಿಯಲ್ಲೇ ತಡೆಯಿರಿ, ಗಂಟು ಕಡಿಯುವ ಮಚ್ಚಿಗೆ ಕಂದು ದಾಟಿ ನೇರಳೆ ಬರಲಿ. ತಡೆಯಲು ಇಡೀ ಅಲಗನ್ನು ಅದೇ ಎಣ್ಣೆಗೆ ಮುಳುಗಿಸಿ. ಮೂತಿಯ ಕಡೆ ಬಣ್ಣ ಓಡಿದರೆ ಒದ್ದೆ ಬಟ್ಟೆ ಒತ್ತಿ.

ಅಂಚು ಚಕ್ಕೆ ಏಳುತ್ತದೆಯೇ? ಬಣ್ಣ ಬರುವ ಮುಂಚೆಯೇ ತಡೆದಿದ್ದೀರಿ. ಮಡಚುತ್ತದೆಯೇ? ನೀಲಿ ಅಂಚಿಗೆ ಬಂದಿದೆ, ಇಲ್ಲವೇ ಮೊದಲ ಕಾವೇ ಸಾಲದು. ಜಾಲಿ ಹಿಡಿಗೆ ಬುಡದ ಮೊನೆಯನ್ನು (ಹಿಡಿಯೊಳಗೆ ಹೋಗುವ ಭಾಗ) ಕಾಸಿ ಇಳಿಸುವಾಗಲೂ ಅಲಗಿಗೆ ಒದ್ದೆ ಬಟ್ಟೆ ಸುತ್ತಿರಲಿ, ಆ ಕಾವು ಏರಿ ಬುಡದ ಹದ ಕೆಡಿಸುತ್ತದೆ.

ದಾಖಲಿಸುವಾಗ

ತೂಕ, ಹಿಡಿಯ ಉದ್ದ, ಕಾಗದದ ಮೇಲೆ ಅಲಗಿನ ಗೆರೆ ಇವೆಲ್ಲ ಇರಲಿ. ಜೊತೆಗೆ ನಾಲ್ಕು ಬರೆಯಿರಿ: ಯಾವ ಕಬ್ಬಿಣ, ಯಾವುದಕ್ಕೆ ಅದ್ದಿದರು, ಎಷ್ಟು ಆಳ, ಯಾವ ಬಣ್ಣಕ್ಕೆ ತಡೆದರು. ವಿಡಿಯೊ ತೆಗೆದರೆ ಕ್ಯಾಮೆರಾದ ಬಣ್ಣದ ಹೊಂದಾಣಿಕೆಯನ್ನು ಸ್ಥಿರವಾಗಿಡಿ, ಇಲ್ಲದಿದ್ದರೆ ಕೆಂಪೂ ಕಿತ್ತಳೆಯೂ ಒಂದಾಗುತ್ತವೆ. ಮಾಡಿದ ಕಮ್ಮಾರರು ಈಗ ಇಲ್ಲದಿದ್ದರೆ, ಸವೆದು ಮೂಲೆಗೆ ಬಿದ್ದ ಅವರ ಕುಡುಗೋಲೊಂದನ್ನು ಕೇಳಿ ಪಡೆದು ಅಂಚಿನಿಂದ ಬೆನ್ನಿನ ಕಡೆ ಸಣ್ಣ ಅರ ಎಳೆಯುತ್ತಾ ಹೋಗಿ. ಅಂಚಿನ ಬಳಿ ಕಷ್ಟಪಟ್ಟು ಹಿಡಿಯುವ ಅರ ಎಲ್ಲಿ ಸಲೀಸಾಗಿ ಕಡಿಯತೊಡಗುತ್ತದೋ ಅಲ್ಲಿಗೆ ಗುರುತು ಹಾಕಿ, ಅಂಚಿನಿಂದ ಅಳೆದು ಮಿಲಿಮೀಟರಿನಲ್ಲಿ ಬರೆದಿಡಿ. ಸವೆದಷ್ಟನ್ನು ಸೇರಿಸಿದರೆ ಅವರು ಎಷ್ಟು ಅದ್ದುತ್ತಿದ್ದರು ಎಂಬ ಅಂದಾಜು ಸಿಗುತ್ತದೆ.