ಲೋಕಲ್‌ಹೋಸ್ಟ್ ಅಂದರೆ ಯಾರ ಲೋಕಲ್?

"ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಬರ್ತಿದೆ ಸರ್." ಈ ಮಾತು ಕಿವಿಗೆ ಬಿದ್ದ ಕೂಡಲೇ ನಾನು ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್ ತೆರೆಯುತ್ತೇನೆ. ಅಲ್ಲಿ ವಿಫಲವಾದ ಕೋರಿಕೆಯ ಕೆಂಪು ಸಾಲೊಂದು ಕಾಯುತ್ತಾ ಕೂತಿರುತ್ತದೆ: ಲೋಕಲ್‌ಹೋಸ್ಟ್, ಪೋರ್ಟ್ (ಅಂದರೆ ಯಂತ್ರದ ಬಾಗಿಲ ಸಂಖ್ಯೆ) 8000. ಸೈಟ್ ಲೈವ್ ಆಗಿ ವಾರ ಕಳೆದಿರುತ್ತದೆ.

ಮುಂದೆ ಜನರಿಗೆ ಕಾಣುವ ಭಾಗಕ್ಕೆ ರಿಯಾಕ್ಟ್ ಅಥವಾ ವ್ಯೂ ಎಂಬ ಜಾವಾಸ್ಕ್ರಿಪ್ಟ್ ಚೌಕಟ್ಟು, ಹಿಂದೆ ಡೇಟಾ ನೋಡಿಕೊಳ್ಳಲು ಪಿಎಚ್‌ಪಿ. ಇಂಥ ಜೋಡಿಗಳನ್ನು ರಿಪೇರಿ ಮಾಡುವುದರಲ್ಲೇ ನನ್ನ ಅರ್ಧ ದಿನ ಹೋಗುತ್ತದೆ. ಕೋಡ್ ಬರೆದವರು ದಡ್ಡರಲ್ಲ. ಕ್ವೆರಿ ಅಚ್ಚುಕಟ್ಟಾಗಿರುತ್ತದೆ, ಫಾರ್ಮ್ ಚೆಂದವಾಗಿರುತ್ತದೆ. ಆದರೂ ಎಲ್ಲರೂ ಒಂದೇ ಕಲ್ಲಿಗೆ ಎಡವುತ್ತಾರೆ. ಜಾವಾಸ್ಕ್ರಿಪ್ಟ್ ಓಡುವುದು ಎಲ್ಲಿ?

"ಎರಡನ್ನೂ ಒಂದೇ ಸರ್ವರ್‌ಗೆ ಹಾಕಿದ್ದೀನಿ. ಲೋಕಲ್‌ಹೋಸ್ಟ್ ಅಂದ್ರೆ ಆ ಸರ್ವರೇ ಅಲ್ವಾ?"

ಅಲ್ಲ. ನಿಮ್ಮ ಜಾವಾಸ್ಕ್ರಿಪ್ಟ್ ಫೈಲ್ ಸರ್ವರ್‌ನಲ್ಲಿ ಸುಮ್ನೆ ಇಟ್ಟಿರುತ್ತದೆ, ಅಲ್ಲಿ ಓಡುವುದಿಲ್ಲ. ಸೈಟ್ ತೆರೆದವರ ಫೋನಿಗೆ ಇಳಿದು, ಅವರ ಬ್ರೌಸರ್ ಒಳಗೆ ಓಡುತ್ತದೆ. ಪಿಎಚ್‌ಪಿ ಹಾಗಲ್ಲ. ಅದು ಸರ್ವರ್ ಬಿಟ್ಟು ಆಚೆ ಬರುವುದೇ ಇಲ್ಲ, ಬರುವುದು ಅದರ ಉತ್ತರ ಮಾತ್ರ. ಹಾಗಾಗಿ ಪಿಎಚ್‌ಪಿ ಒಳಗೆ ಡೇಟಾಬೇಸ್ ವಿಳಾಸ ಲೋಕಲ್‌ಹೋಸ್ಟ್ ಅಂತಿದ್ದರೆ ತೊಂದರೆ ಇಲ್ಲ, ಡೇಟಾಬೇಸ್ ಅದೇ ಯಂತ್ರದಲ್ಲಿದ್ದರೆ ಸಾಕು. ಅದೇ ಪದವನ್ನು ಜಾವಾಸ್ಕ್ರಿಪ್ಟ್‌ನಿಂದ ಕೋರಿಕೆ ಕಳಿಸುವ ಫೆಚ್ ಒಳಗೆ ಬರೆದರೆ ಮಾತ್ರ ಅರ್ಥ ಬದಲಾಗುತ್ತದೆ.

ನಾನು ಇದನ್ನು ಹೀಗೆ ಹೇಳಿಕೊಡುತ್ತೇನೆ. ಲೋಕಲ್‌ಹೋಸ್ಟ್ ಅಂದರೆ 'ಇಲ್ಲೇ'. 'ಬೀಗದಕೈ ಇಲ್ಲೇ ಇದೆ' ಅಂತ ಚೀಟಿ ಬರೆದು ನೀವು ನನಗೆ ಕಳಿಸಿದರೆ, ನಾನು ಹುಡುಕುವುದು ನನ್ನ ಮನೆಯಲ್ಲಿ. ಚೀಟಿ ನಿಮ್ಮ ಮನೆಯಲ್ಲಿ ಬರೆದದ್ದು ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಸಾವಿರ ಜನ ಸೈಟ್ ತೆರೆದರೆ ಸಾವಿರ ಫೋನ್‌ಗಳು ತಮ್ಮ ತಮ್ಮ ಹೊಟ್ಟೆಯೊಳಗೇ ಪೋರ್ಟ್ 8000 ಹುಡುಕುತ್ತವೆ. ಯಾರಿಗೂ ಸಿಗುವುದಿಲ್ಲ. ಒಬ್ಬರಿಗೆ ಬಿಟ್ಟು.

ಆ ಒಬ್ಬರ ಕಥೆ ಹೇಳುತ್ತೇನೆ. ತರಬೇತಿ ಸಂಸ್ಥೆಯೊಂದಕ್ಕೆ ಒಬ್ಬ ಹುಡುಗ ನೋಂದಣಿ ಫಾರ್ಮ್ ಮಾಡಿಕೊಟ್ಟಿದ್ದ. ಸೈಟ್ ಲೈವ್ ಆಗಿ ಹತ್ತು ದಿನ, ಒಂದೂ ನೋಂದಣಿ ಇಲ್ಲ. ಜನರಿಗೆ ಆಸಕ್ತಿಯೇ ಇಲ್ಲವೇನೋ ಅಂತ ಯಜಮಾನರು ಬೇಜಾರಾಗಿದ್ದರು. ಹುಡುಗ ನನ್ನೆದುರೇ ಲ್ಯಾಪ್‌ಟಾಪ್ ತೆರೆದು, ಲೈವ್ ವಿಳಾಸಕ್ಕೇ ಹೋಗಿ, ಫಾರ್ಮ್ ತುಂಬಿದ. 'ಯಶಸ್ವಿ' ಅಂತ ಹಸಿರು ಪಟ್ಟಿ ಬಂತು. ನಾನು ನನ್ನ ಫೋನಿನಲ್ಲಿ ಹೆಸರಿನ ಜಾಗಕ್ಕೆ 'ಟೆಸ್ಟ್' ಅಂತ ಹಾಕಿ ಒತ್ತಿದೆ. ಏನೂ ಆಗಲಿಲ್ಲ.

"ನಿಮ್ಮ ನೆಟ್ ಸ್ಲೋ ಇರ್ಬೇಕು ಸರ್."

"ಆ ಹಿಂದುಗಡೆ ಕಪ್ಪು ಕಿಟಕಿ ಇದೆಯಲ್ಲ, ಅದನ್ನ ಮುಚ್ಚಿ ಇನ್ನೊಂದು ಸಲ ಒತ್ತಪ್ಪ."

ಮುಚ್ಚಿದ. ಒತ್ತಿದ. ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆ ಟರ್ಮಿನಲ್‌ನಲ್ಲಿ ಪಿಎಚ್‌ಪಿಯ ಸ್ವಂತ ಡೆವಲಪ್‌ಮೆಂಟ್ ಸರ್ವರ್ ಓಡುತ್ತಿತ್ತು. ಪಿಎಚ್‌ಪಿ 5.4ರಿಂದ ಜೊತೆಗೇ ಬರುವ ಸೌಲಭ್ಯ ಅದು. ಲೈವ್ ಪುಟ ಅವನ ಬ್ರೌಸರ್‌ಗೆ ಇಳಿದು, ಅವನ ಲ್ಯಾಪ್‌ಟಾಪ್‌ನಲ್ಲೇ ಪಿಎಚ್‌ಪಿಯನ್ನು ಹುಡುಕಿ, ಅಲ್ಲೇ ಕಂಡು, ಅವನದೇ ಡೇಟಾಬೇಸ್‌ಗೆ ಬರೆದು ಬರುತ್ತಿತ್ತು. ಎಚ್‌ಟಿಟಿಪಿಎಸ್ ಪುಟ ಸಾದಾ ಎಚ್‌ಟಿಟಿಪಿ ವಿಳಾಸವನ್ನು ಕರೆದರೆ ಬ್ರೌಸರ್ ತಡೆಯಬೇಕಲ್ಲವೇ ಅಂತ ನೀವು ಕೇಳಬಹುದು. ತಡೆಯುತ್ತದೆ, ಆದರೆ ಈಗಿನ ಕ್ರೋಮ್, ಫೈರ್‌ಫಾಕ್ಸ್‌ನಂಥ ಬ್ರೌಸರ್‌ಗಳು ಲೋಕಲ್‌ಹೋಸ್ಟ್‌ಗೆ ವಿನಾಯಿತಿ ಕೊಡುತ್ತವೆ. ಹೊಸ ಕ್ರೋಮ್ ಈಗೀಗ ಅನುಮತಿ ಕೇಳುತ್ತದೆ ನಿಜ. ಆ ಪೆಟ್ಟಿಗೆ ಓದದೆ 'ಅಲೋ' ಒತ್ತುವವರೇ ಜಾಸ್ತಿ.

ಸರಿ, ವಿಳಾಸ ಬದಲಿಸೋಣ ಅಂತ ಹುಡುಗ ಹೊರಟ. ಸರ್ವರ್‌ಗೆ ಹೋಗಿ, ಇಂಥ ವಿಳಾಸ, ಪಾಸ್‌ವರ್ಡ್‌ಗಳನ್ನು ಬರೆದಿಡುವ ಎನ್ವ್ (.env) ಫೈಲ್ ತಿದ್ದಿದ. ಏನೂ ಬದಲಾಗಲಿಲ್ಲ. ಇದು ಅದೇ ತಪ್ಪಿನ ಎರಡನೇ ಮುಖ. ಪಿಎಚ್‌ಪಿ ಆ ಫೈಲನ್ನು ಪ್ರತಿ ಕೋರಿಕೆಗೂ ಓದಬಲ್ಲದು, ಯಾಕೆಂದರೆ ಅದು ಅಲ್ಲೇ ಓಡುತ್ತದೆ. ಜಾವಾಸ್ಕ್ರಿಪ್ಟ್‌ಗೆ ಆ ಫೈಲ್ ಕಾಣುವುದೇ ಇಲ್ಲ. ನೀವು ಬಿಲ್ಡ್ ಮಾಡುವ ಹೊತ್ತಿಗೆ, ಅಂದರೆ ಲೈವ್‌ಗೆ ಹಾಕುವ ಫೈಲ್‌ಗಳ ಗಂಟನ್ನು (ಬಂಡಲ್) ಕಟ್ಟುವಾಗ, ಆ ಕೆಲಸದ ಸಾಧನವಾದ ವೀಟ್ ಅದರಲ್ಲಿ VITE_ ಎಂದು ಶುರುವಾಗುವ ಹೆಸರುಗಳ ಮೌಲ್ಯಗಳನ್ನು ತೆಗೆದು ಬಂಡಲ್ ಒಳಗೆ ಅಕ್ಷರಶಃ ಅಚ್ಚೊತ್ತಿಬಿಡುತ್ತದೆ. ಆಮೇಲೆ ಫೈಲ್ ತಿದ್ದಿದರೂ ಅಷ್ಟೇ, ಅಳಿಸಿದರೂ ಅಷ್ಟೇ. ಮತ್ತೆ ಬಿಲ್ಡ್ ಮಾಡಲೇಬೇಕು. ಹೀಗೆ ಅಚ್ಚಾಗಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಡೇಟಾಬೇಸ್ ಪಾಸ್‌ವರ್ಡ್‌ಗೆ ವೀಟ್‌ನ ಮುನ್ನೊಟ್ಟು ಸೇರಿಸಿ ಇಟ್ಟಿದ್ದವರನ್ನೂ ಕಂಡಿದ್ದೇನೆ, ದಯವಿಟ್ಟು ಬೇಡ.

ಇನ್ನು ಕಾರ್ಸ್ (CORS) ದೋಷ, ಅಂದರೆ ಬೇರೆ ಮೂಲದಿಂದ ಬಂದ ಉತ್ತರವನ್ನು ಬ್ರೌಸರ್ ತಡೆಯುವುದು. ಸ್ಕೀಮ್ (ಎಚ್‌ಟಿಟಿಪಿಯೋ ಎಚ್‌ಟಿಟಿಪಿಎಸ್ಸೋ), ಹೋಸ್ಟ್, ಪೋರ್ಟ್ ಮೂರೂ ಒಂದೇ ಆಗಿದ್ದರೆ ಮಾತ್ರ ಬ್ರೌಸರ್ 'ಒಂದೇ ಮೂಲ' ಎಂದು ಒಪ್ಪುತ್ತದೆ. ವೀಟ್ 5173ರಲ್ಲಿ, ಪಿಎಚ್‌ಪಿ 8000ದಲ್ಲಿ ಕೂತರೆ ಅವು ಪರಸ್ಪರ ಪರಕೀಯರು. ಜನ ಏನು ಮಾಡುತ್ತಾರೆ? ಸರ್ವರ್‌ನ ಉತ್ತರದ ಜೊತೆ, ಎಲ್ಲರಿಗೂ ಬಾಗಿಲು ತೆರೆಯುವ ನಕ್ಷತ್ರದ (*) ಹೆಡರ್ ಹಾಕುತ್ತಾರೆ. ಆಮೇಲೆ ಸೆಶನ್ ಕುಕೀ ಕಳಿಸಲು ಹೋದರೆ ಬ್ರೌಸರ್ ಒಲ್ಲೆ ಅನ್ನುತ್ತದೆ, ಕುಕೀ ಇದ್ದಲ್ಲಿ ನಕ್ಷತ್ರ ನಡೆಯದು. ಜೇಸನ್ (JSON) ರೂಪದ ಡೇಟಾವನ್ನು ಬೇರೆ ಮೂಲಕ್ಕೆ ಕಳಿಸುವ ಮುಂಚೆ ಬ್ರೌಸರ್ ಆಪ್ಷನ್ಸ್ ಎಂಬ ಕೋರಿಕೆ ಕಳಿಸಿ ಅನುಮತಿ ಕೇಳುತ್ತದೆ. ಪಿಎಚ್‌ಪಿ ಕೋಡ್ ಅದಕ್ಕೂ ಲಾಗಿನ್ ಕೇಳಿ 401 ದೋಷ ಎಸೆಯುತ್ತದೆ. "ಪೋಸ್ಟ್‌ಮ್ಯಾನ್‌ನಲ್ಲಿ ಬರ್ತಿದೆಯಲ್ಲ" ಅನ್ನಬೇಡಿ. ಕಾವಲುಗಾರ ಇರುವುದು ಬ್ರೌಸರ್‌ನಲ್ಲಿ, ಕೋರಿಕೆ ಕಳಿಸಿ ಪರೀಕ್ಷಿಸುವ ಸಾಧನವಾದ ಪೋಸ್ಟ್‌ಮ್ಯಾನ್‌ನಲ್ಲಿ ಕಾವಲೇ ಇಲ್ಲ.

ನನ್ನ ಸಲಹೆ ಸರಳ. ಫೆಚ್‌ನಲ್ಲಿ ಹೋಸ್ಟ್ ಹೆಸರನ್ನೇ ಬರೆಯಬೇಡಿ. ಸ್ಲ್ಯಾಶ್ ಎಪಿಐ (/api) ಎಂದು ಶುರುವಾಗುವ ದಾರಿಯನ್ನಷ್ಟೇ ಬರೆಯಿರಿ; ಎಪಿಐ ಅಂದರೆ ಇಲ್ಲಿ ಕೋರಿಕೆಗಳಿಗೆ ಉತ್ತರ ಕೊಡುವ ಪಿಎಚ್‌ಪಿ ಭಾಗ. ಪುಟ ಎಲ್ಲಿಂದ ಬಂತೋ ಅಲ್ಲಿಗೇ ಕೋರಿಕೆ ಹೋಗುತ್ತದೆ. ಕೆಲಸ ಮಾಡುವಾಗ ವೀಟ್‌ನ ಪ್ರಾಕ್ಸಿ ಅದನ್ನು 8000ಕ್ಕೆ ದಾಟಿಸಲಿ. ಲೈವ್‌ನಲ್ಲಿ, ಬಿಲ್ಡ್ ಆದ ಫೈಲ್‌ಗಳು ಬೀಳುವ ಡಿಸ್ಟ್ ಫೋಲ್ಡರ್‌ನ ಒಳಗಿರುವುದೆಲ್ಲ ಸೈಟ್‌ನ ಬೇರು ಫೋಲ್ಡರ್‌ಗೆ, ಪಿಎಚ್‌ಪಿ ಅದರೊಳಗಿನ ಎಪಿಐ ಫೋಲ್ಡರ್‌ಗೆ. ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್ ಅಲ್ಲಿ ಬೇಕಿಲ್ಲ, ಕಾರ್ಸ್ ಹೆಡರ್ ಬೇಕಿಲ್ಲ. ಆ ಪ್ರಾಕ್ಸಿ ಡೆವಲಪ್‌ಮೆಂಟ್ ಸರ್ವರ್ ಓಡುವಾಗ ಮಾತ್ರ ಇರುತ್ತದೆ, ಬಿಲ್ಡ್ ಜೊತೆ ಬರುವುದಿಲ್ಲ. ನಾನು ಹೇಳುತ್ತಿರುವುದು ಸಾಧಾರಣ ಗಾತ್ರದ ಸೈಟ್‌ಗಳಿಗೆ. ಅದೇ ಎಪಿಐಯನ್ನು ಬೇರೆ ಬೇರೆ ಸೈಟ್‌ಗಳೂ ಬಳಸುವುದಿದ್ದರೆ ಪ್ರತ್ಯೇಕ ಸಬ್‌ಡೊಮೇನ್ ಇಡಲು ಒಳ್ಳೆಯ ಕಾರಣಗಳಿರಬಹುದು.

ಹುಡುಗ ಹಾಗೇ ಮಾಡಿದ. ಮೊದಲು, ಫಾರ್ಮ್ ಡೇಟಾ ಬಂದು ಸೇರುವ ಪಿಎಚ್‌ಪಿಯ ಪೋಸ್ಟ್ ಅರೇ ಖಾಲಿ ಅಂತ ಗೋಳಾಡಿದ. ಜೇಸನ್ ಕಳಿಸಿದರೆ ಅದು ಖಾಲಿಯೇ ಇರುತ್ತದೆ, ಪಿಎಚ್‌ಪಿಯ ಇನ್‌ಪುಟ್ ಸ್ಟ್ರೀಮ್ ಓದಿ ಡಿಕೋಡ್ ಮಾಡಬೇಕು. ಮಾಡಿದ. ಆಮೇಲೆ ಒಳಪುಟದಲ್ಲಿ ರಿಫ್ರೆಶ್ ಕೊಟ್ಟರೆ 404. ಇಲ್ಲದ ಫೈಲ್‌ಗಳನ್ನೆಲ್ಲ ಇಂಡೆಕ್ಸ್ ಪುಟಕ್ಕೆ ಕಳಿಸುವ ರೀರೈಟ್ ನಿಯಮ ಹಾಕಿದ. ಮಧ್ಯಾಹ್ನ ಮತ್ತೆ ಫೋನ್: "ಜೇಸನ್ ಕೇಳಿದ್ರೆ ಎಚ್‌ಟಿಎಂಎಲ್ ಬರ್ತಿದೆ ಸರ್." ಎಪಿಐ ನಿಯಮವನ್ನು ಕೆಳಗೆ ಬರೆದಿದ್ದ, ಮೇಲಿನ ನಿಯಮ ಅದನ್ನು ಮೊದಲೇ ನುಂಗುತ್ತಿತ್ತು. ಎಪಿಐಯದನ್ನು ಮೇಲಕ್ಕೆ ತರಿಸಿದೆ. ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ನನ್ನ ಫೋನಿಂದ ಅದೇ ಫಾರ್ಮ್ ಇನ್ನೊಮ್ಮೆ ತುಂಬಿದೆ.

ಸಂಜೆ ಯಜಮಾನರು ಖುಷಿಯಿಂದ ಫೋನ್ ಮಾಡಿದರು. "ಮೊದಲನೇ ನೋಂದಣಿ ಬಂತು ನೋಡಿ! ಟೆಸ್ಟ್ ಅಂತ ಹೆಸರಿದೆ, ಯಾರೋ ಗೊತ್ತಾಗ್ತಿಲ್ಲ."

ನಾನೇ ಅಂತ ಹೇಳಲು ಸ್ವಲ್ಪ ಹೊತ್ತು ಹಿಡಿಯಿತು.